ತೋಟದ ಕಬ್ಬಿಣಕ್ಕೆ ತುಕ್ಕು: ಕಾರಣ ಮತ್ತು ರಕ್ಷಣೆ



ಹಿಂದೆ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆ ತಾಲ್ಲೂಕುಗಳ ತೋಟಗಳಲ್ಲಿ ಕಬ್ಬಿಣ ಎಂದರೆ ಗುದ್ದಲಿ, ಪಿಕಾಸಿ, ಕುಡುಗೋಲು ಮತ್ತು ಪಂಪಿನ ಪೈಪು, ಅಷ್ಟೇ. ಬೇಲಿಗೂ ಕಲ್ಲುಕಂಬ, ದ್ರಾಕ್ಷಿ ಚಪ್ಪರಕ್ಕೂ ಕಲ್ಲುಕಂಬ, ನೀರಿಗೆ ಕಲ್ಲುಗಾರೆಯ ತೊಟ್ಟಿ. ಈಗ ಹಾಗಿಲ್ಲ. ಆಂಗಲ್ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನೀರಿನ ಟ್ಯಾಂಕು, ಪಂಪ್ ಮನೆಗೆ ತಗಡಿನ ಚಾವಣಿ, ಕೊಳವೆ ಬಾವಿಯ ಪಕ್ಕದಲ್ಲಿ ಸೋಲಾರ್ ಫಲಕದ ಚೌಕಟ್ಟು, ಅಡಿಕೆ ಒಣಗಿಸಲು ಪೈಪಿನ ಕಮಾನುಗಳ ಪಾಲಿಥೀನ್ ಮನೆ, ಸಸಿಗಳಿಗೆ ನೆರಳು ಮನೆ, ದೊಡ್ಡ ಗೇಟು, ಮುಳ್ಳುತಂತಿ ಬೇಲಿ. ಎರಡು ಎಕರೆ ತೋಟದಲ್ಲಿಯೂ ಹಲವು ಕ್ವಿಂಟಾಲ್ ಕಬ್ಬಿಣ ಬಿಸಿಲು ಮಳೆಗೆ ನಿಂತಿರುತ್ತದೆ. ಇದರಲ್ಲಿ ಬಹುಪಾಲು ಸಾಲ ಮಾಡಿ ನಿಲ್ಲಿಸಿದ್ದು. ಅಡಿಕೆಯ ಗರಿ ಹಳದಿಯಾದರೆ ಮಾರನೆಯ ದಿನವೇ ಗಾಬರಿಪಡುವ ನಾವು, ಟ್ಯಾಂಕಿನ ಸ್ಟ್ಯಾಂಡಿನ ಕಾಲು ಹಕ್ಕಳೆ ಎದ್ದು ಉದುರುತ್ತಿದ್ದರೂ ಹಲವು ವರ್ಷ ಅದರತ್ತ ತಿರುಗಿ ನೋಡುವುದಿಲ್ಲ.

ಇದು ಹಣದ ಪ್ರಶ್ನೆ ಮಾತ್ರವಲ್ಲ. ಸಾವಿರ ಲೀಟರ್ ಟ್ಯಾಂಕು ತುಂಬಿದರೆ ನೀರಿನ ತೂಕವೇ ಒಂದು ಟನ್. ಆ ಒಂದು ಟನ್ ಭಾರ ಹತ್ತು ಹನ್ನೆರಡು ಅಡಿ ಎತ್ತರದಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತಿರುತ್ತದೆ. ಅದರ ಕೆಳಗಿನ ನೆರಳಿನಲ್ಲಿಯೇ ಕೆಲಸದವರು ಕುಳಿತು ಊಟ ಮಾಡುತ್ತಾರೆ, ಮಕ್ಕಳು ಆಡುತ್ತಾರೆ. ಆದ್ದರಿಂದ ಈ ಸಂಚಿಕೆಯಲ್ಲಿ ತುಕ್ಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಸದಸ್ಯರ ಮುಂದೆ ಇಡುತ್ತಿದ್ದೇವೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ತುಕ್ಕಿಗೆ ಮೊದಲ ಔಷಧ ಬಣ್ಣವಲ್ಲ. ನೀರು ನಿಲ್ಲುವ ಜಾಗಗಳನ್ನು ಇಲ್ಲದಂತೆ ಮಾಡುವುದು ಮೊದಲನೆಯದು, ಬಣ್ಣಕ್ಕೆ ಮುಂಚೆ ಕಬ್ಬಿಣವನ್ನು ಶುಚಿಮಾಡುವುದು ಎರಡನೆಯದು. ಬಣ್ಣದ ಡಬ್ಬಿ ತೆರೆಯುವುದು ಇವೆರಡೂ ಆದ ನಂತರ.

ತುಕ್ಕು ಎಂದರೇನು?

ಕಬ್ಬಿಣಕ್ಕೆ ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಎರಡೂ ಒಟ್ಟಿಗೆ ಸಿಕ್ಕಿದಾಗ ಅದು ತುಕ್ಕಾಗುತ್ತದೆ. ಇವೆರಡರಲ್ಲಿ ಒಂದನ್ನು ತಡೆದರೂ ತುಕ್ಕು ನಿಲ್ಲುತ್ತದೆ. ಗಾಳಿಯನ್ನು ತಡೆಯುವುದು ನಮ್ಮ ಕೈಲಾಗದು, ನೀರನ್ನು ತಡೆಯಬಹುದು.

ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ, ಅಲ್ಯೂಮಿನಿಯಂ ಮಂಕಾಗುತ್ತದೆ. ಆದರೆ ಆ ಪದರಗಳು ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತವೆ. ಕಬ್ಬಿಣದ ತುಕ್ಕಿಗೆ ಈ ಗುಣವಿಲ್ಲ. ಅದು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ, ಉಬ್ಬಿ ಹಕ್ಕಳೆಯಾಗಿ ಏಳುತ್ತದೆ, ಸ್ಪಂಜಿನಂತೆ ನೀರನ್ನು ಹೀರಿಟ್ಟುಕೊಳ್ಳುತ್ತದೆ. ಹೀಗಾಗಿ ತುಕ್ಕೇ ಇನ್ನಷ್ಟು ತುಕ್ಕಿಗೆ ದಾರಿ. ಅದರ ಮೇಲೆ ಬಣ್ಣ ಬಳಿದರೆ ಒಳಗೆ ಹೀರಿಕೊಂಡ ನೀರು ಅಲ್ಲಿಯೇ ಉಳಿಯುತ್ತದೆ, ಒಂದೆರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆ ಎದ್ದು ಬೀಳುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಇದಕ್ಕೆ ಸರಿಯಾಗಿ ಒಪ್ಪುತ್ತದೆ.

ಹಳೆಯ ಕಾಲದ ಕಬ್ಬಿಣ ತುಕ್ಕು ಹಿಡಿಯುತ್ತಿರಲಿಲ್ಲವಲ್ಲ ಎಂದು ಕೆಲವು ಸದಸ್ಯರು ಕೇಳುವುದುಂಟು. ದೆಹಲಿಯ ಕುತುಬ್ ಆವರಣದ ಕಬ್ಬಿಣದ ಕಂಬ ಸುಮಾರು ೧೬೦೦ ವರ್ಷಗಳಿಂದ ನಿಂತಿದೆ. ನಮ್ಮ ಮಲೆನಾಡಿನಲ್ಲಿ ಕೊಡಚಾದ್ರಿಯ ಮೇಲಿನ ಮೂಲ ಮೂಕಾಂಬಿಕೆ ದೇವಸ್ಥಾನದ ಬಳಿಯ ಕಬ್ಬಿಣದ ಕಂಬವೂ ಆ ಭಾರಿ ಮಳೆಯನ್ನು ತಡೆದುಕೊಂಡು ನಿಂತಿದೆ. ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ಮೇಲ್ಮೈಯಲ್ಲಿ ಕಾಪಾಡುವಂಥ ತೆಳು ಪದರ ಕಟ್ಟಿಕೊಂಡಿದೆ ಎಂದು ಲೋಹಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಇಂದಿನ ಉಕ್ಕಿನಲ್ಲಿ ರಂಜಕ ಹೆಚ್ಚಿದ್ದರೆ ಅದು ಪೆಡಸಾಗುತ್ತದೆಂದು ಕಾರ್ಖಾನೆಗಳಲ್ಲಿ ಅದನ್ನು ತೆಗೆದೇ ಉಕ್ಕು ತಯಾರಿಸುತ್ತಾರೆ. ಅಂಗಡಿಯ ಆಂಗಲ್ಲಿಗೆ ಕೊಡಚಾದ್ರಿ ಕಂಬದ ಗುಣವನ್ನು ನಿರೀಕ್ಷಿಸುವಂತಿಲ್ಲ.

ಮಳೆ ಕಡಿಮೆಯಾದರೂ ತುಕ್ಕೇಕೆ?

ಆಗುಂಬೆಯಂತೆ ನಮ್ಮಲ್ಲಿ ಮಳೆ ಸುರಿಯುವುದಿಲ್ಲ, ನಿಜ. ಆದರೆ ಉಕ್ಕಿಗೆ ತುಕ್ಕು ಹಿಡಿಯಲು ಮಳೆಯೇ ಬೇಕಿಲ್ಲ. ಗಾಳಿಯ ತೇವಾಂಶ ಶೇಕಡಾ ಅರವತ್ತನ್ನು ದಾಟಿದರೆ ಸಾಕು, ಲೋಹದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕಟ್ಟುತ್ತದೆ. ಚಳಿಗಾಲದ ಬೆಳಗ್ಗೆ ಮಂಜು ಕವಿದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ವಿಮಾನಗಳು ತಡವಾಗುವ ಸುದ್ದಿ ಓದುತ್ತೇವಲ್ಲ, ಅದೇ ಮಂಜು ನಮ್ಮ ಪಂಪ್ ಮನೆಯ ತಗಡಿನ ಮೇಲೂ ಇಳಿಯುತ್ತದೆ. ಬಯಲಿನ ಕಬ್ಬಿಣ ರಾತ್ರಿ ಬೇಗ ತಣ್ಣಗಾಗುವುದರಿಂದ ಇಬ್ಬನಿ ಮೊದಲು ಅದರ ಮೇಲೆಯೇ ಕೂರುತ್ತದೆ. ಅಡಿಕೆ ಮರಗಳ ಕೆಳಗಿನ ನೆರಳಿನಲ್ಲಿ ಅದು ಒಣಗಲು ಮಧ್ಯಾಹ್ನವಾಗುತ್ತದೆ. ಇದರ ಮೇಲೆ ತುಂತುರು ನೀರಾವರಿಯ ನೀರು ದಿನವೂ ಕಂಬಕ್ಕೋ ಸ್ಟ್ಯಾಂಡಿಗೋ ಬಡಿಯುತ್ತಿದ್ದರೆ ಆ ಕಬ್ಬಿಣಕ್ಕೆ ವರ್ಷವಿಡೀ ಮಳೆಗಾಲವೇ ಆಯಿತು. ಜೆಟ್ಟಿನ ಮುಖವನ್ನು ತಿರುಗಿಸಿಡುವುದಕ್ಕೆ ಖರ್ಚಿಲ್ಲ. ಇಂದೇ ಮಾಡಬಹುದಾದ ಕೆಲಸ ಇದು.

ಮೈಲುತುತ್ತ, ಪೊಟ್ಯಾಷ್ ಮತ್ತು ಹುಳಿ ನೀರು

ಊರೊಳಗಿನ ಗೇಟಿಗಿಲ್ಲದ ಮೂರು ಶತ್ರುಗಳು ತೋಟದ ಕಬ್ಬಿಣಕ್ಕಿವೆ.

ಮೊದಲನೆಯದು ಬೋರ್ಡೋ ದ್ರಾವಣ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಇದನ್ನು ಸಿಂಪಡಿಸುವ ಕ್ರಮವನ್ನು ನಮ್ಮವರಿಗೆ ತೋರಿಸಿಕೊಟ್ಟರು. ಇಂದಿಗೂ ಅಡಿಕೆಗೂ ದ್ರಾಕ್ಷಿಗೂ ಅದೇ ಆಸರೆ. ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಶುಚಿಯಾದ ಚಾಕುವನ್ನು ಅದ್ದುತ್ತೇವೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದು ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತೇವೆ. ಆ ಕೆಂಪು ಏನು? ದ್ರಾವಣದಲ್ಲಿದ್ದ ತಾಮ್ರ ಚಾಕುವಿನ ಮೇಲೆ ಕೂತಿದೆ, ಅದಕ್ಕೆ ಬದಲಾಗಿ ಚಾಕುವಿನ ಕಬ್ಬಿಣ ದ್ರಾವಣಕ್ಕೆ ಕರಗಿ ಹೋಗಿದೆ. ಚಾಕುವಿಗೆ ಆದದ್ದೇ ಸ್ಟ್ಯಾಂಡಿಗೂ, ತಗಡಿಗೂ, ಬೇಲಿ ತಂತಿಗೂ ಆಗುತ್ತದೆ. ಕೂತ ತಾಮ್ರವು ತೇವ ಸಿಕ್ಕಾಗಲೆಲ್ಲ ಪಕ್ಕದ ಕಬ್ಬಿಣವನ್ನೂ ಸತುವನ್ನೂ ಬೇಗ ತಿನ್ನಿಸುತ್ತದೆ. ಆದ್ದರಿಂದ ಮೈಲುತುತ್ತವನ್ನು ಪ್ಲಾಸ್ಟಿಕ್ ಇಲ್ಲವೇ ಮಣ್ಣಿನ ಪಾತ್ರೆಯಲ್ಲಿಯೇ ಕರಗಿಸಬೇಕು. ದ್ರಾವಣ ಕಲಸುವ ಜಾಗ ಪಂಪ್ ಮನೆಯಿಂದ ದೂರವಿರಲಿ. ಸಿಂಪಡಣೆ ಮುಗಿದ ದಿನವೇ ಹತ್ತಿರದ ತಗಡು, ಸ್ಟ್ಯಾಂಡು, ಸೋಲಾರ್ ಚೌಕಟ್ಟುಗಳಿಗೆ ಶುದ್ಧ ನೀರು ಹಾಯಿಸಿ ತೊಳೆಯಬೇಕು.

ಎರಡನೆಯದು ಪೊಟ್ಯಾಷ್. ಸಮುದ್ರ ತೀರದಲ್ಲಿ ಕಬ್ಬಿಣ ಬೇಗ ಹಾಳಾಗುವುದು ಉಪ್ಪಿನಲ್ಲಿರುವ ಕ್ಲೋರೈಡಿನಿಂದ. ನಮಗೆ ಸಮುದ್ರ ದೂರ. ಆದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಪೊಟ್ಯಾಸಿಯಂ ಕ್ಲೋರೈಡೇ ಆಗಿದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ೧೦೦ ಗ್ರಾಂ ಸಾರಜನಕ, ೪೦ ಗ್ರಾಂ ರಂಜಕ, ೧೪೦ ಗ್ರಾಂ ಪೊಟ್ಯಾಷ್ ಎಂಬ ಶಿಫಾರಸ್ಸಿನಂತೆ ಲೆಕ್ಕ ಹಾಕಿದರೆ ಮರಕ್ಕೆ ಸುಮಾರು ೨೩೦ ಗ್ರಾಂ ಮ್ಯೂರಿಯೇಟ್ ಬೇಕು. ಐನೂರು ಮರದ ತೋಟಕ್ಕೆ ನೂರು ಕಿಲೋ ದಾಟುತ್ತದೆ. ಸಮುದ್ರದ ಕ್ಲೋರೈಡು ಚೀಲದಲ್ಲಿ ಬಂದು ನಮ್ಮ ಪಂಪ್ ಮನೆಯ ಮೂಲೆಯಲ್ಲಿ ಕೂರುತ್ತದೆ ಎಂದರೆ ತಪ್ಪಾಗದು. ಈ ಗೊಬ್ಬರ ಗಾಳಿಯ ತೇವವನ್ನು ಎಳೆದುಕೊಂಡು ಒಸರುವುದನ್ನು ಎಲ್ಲರೂ ಕಂಡಿದ್ದೇವೆ. ಚೀಲಗಳನ್ನು ಹಲಗೆಯ ಮೇಲೆ, ಕಬ್ಬಿಣದ ಗೋಡೆ ಕಂಬಗಳಿಗೆ ತಾಗದಂತೆ ಇಡಬೇಕು. ಸ್ಟಾರ್ಟರ್ ಪೆಟ್ಟಿಗೆ ಇರುವ ಕೋಣೆಯಲ್ಲಿ ಗೊಬ್ಬರ ಇಡಲೇಬಾರದು. ದನದ ಕೊಟ್ಟಿಗೆಯಲ್ಲಿ ಗಂಜಲ ತಾಗುವ ಕಂಬದ ಬುಡವೂ ಇದೇ ರೀತಿ ಬೇಗ ಸವೆಯುತ್ತದೆ.

ಮೂರನೆಯದು ಹುಳಿ ನೀರು. ಅಡಿಕೆಯ ನಡುವೆ ಕಾಫಿ ಇಟ್ಟು ಹಣ್ಣನ್ನು ಪಲ್ಪಿಂಗ್ ಮಾಡುವ ಸದಸ್ಯರು ಇದನ್ನು ಗಮನಿಸಬೇಕು. ಕಾಫಿ ಹಣ್ಣಿನ ಸಿಪ್ಪೆ ಮತ್ತು ಲೋಳೆ ಹುದುಗಿದ ನೀರು ಆಮ್ಲವಾಗಿರುತ್ತದೆ. ಅದು ಪಲ್ಪರಿನ ಕಾಲುಗಳ ಬುಡದಲ್ಲಿ ನಿಲ್ಲದಂತೆ ಚರಂಡಿ ಮಾಡಿ, ದಿನದ ಕೆಲಸ ಮುಗಿದೊಡನೆ ಶುದ್ಧ ನೀರಿನಲ್ಲಿ ತೊಳೆಯಬೇಕು.

ತುಕ್ಕು ಎಲ್ಲಿ ಮೊದಲು ಹಿಡಿಯುತ್ತದೆ?

ಕಬ್ಬಿಣ ಎಲ್ಲ ಕಡೆಯೂ ಸಮನಾಗಿ ಕೆಡುವುದಿಲ್ಲ. ಕೆಡುವ ಜಾಗಗಳು ಗೊತ್ತಿರುವಂಥವೇ. ಸದಸ್ಯರು ತಮ್ಮ ತೋಟದಲ್ಲಿ ಈ ಜಾಗಗಳನ್ನು ಒಂದೊಂದಾಗಿ ನೋಡಬೇಕೆಂದು ಕೋರುತ್ತೇವೆ.

೧. ನೆಲ ಮುಟ್ಟುವ ಜಾಗ. ಎಲ್ಲಕ್ಕಿಂತ ಅಪಾಯದ್ದು ಇದು. ಮಣ್ಣಿನ ಮಟ್ಟದಿಂದ ಕೆಳಗೂ ಮೇಲೂ ಒಂದು ಗೇಣು ಅಂತರದಲ್ಲಿ ತೇವ ಮತ್ತು ಗಾಳಿ ಎರಡೂ ಧಾರಾಳವಾಗಿ ಸಿಗುತ್ತವೆ. ಕಾಲನ್ನು ಮಣ್ಣಿನಲ್ಲಿ ನೇರವಾಗಿ ಹೂಳಬಾರದು. ಕಾಂಕ್ರೀಟಿನ ಪೀಠವನ್ನು ನೆಲದಿಂದ ಆರು ಅಂಗುಲವಾದರೂ ಎತ್ತರಿಸಿ, ಮೇಲ್ಭಾಗವನ್ನು ನಾಲ್ಕೂ ಕಡೆ ಇಳಿಜಾರು ಮಾಡಬೇಕು. ಪೀಠ ತಟ್ಟೆಯಂತೆ ತಗ್ಗಾಗಿದ್ದರೆ ನೀರು ಕಾಲಿನ ಸುತ್ತಲೇ ನಿಲ್ಲುತ್ತದೆ. ಒಳ್ಳೆಯ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಸಿಮೆಂಟಿನ ಕ್ಷಾರಗುಣವೇ ಕಾಯುತ್ತದೆ. ಅದು ಹೊರಬರುವ ಅಂಚೇ ದುರ್ಬಲ ಜಾಗ. ಸೋಗೆ, ಹಾಳೆ, ತರಗು, ಗೊಬ್ಬರದ ಗುಡ್ಡೆಗಳನ್ನು ಕಾಲಿಗೆ ಒತ್ತಿ ಹಾಕುವ ಅಭ್ಯಾಸ ಬಿಡಬೇಕು.

೨. ಚೌಕ ಪೈಪಿನ ಒಳಭಾಗ. ಈಚೆಗೆ ಆಂಗಲ್ಲಿನ ಬದಲು ಒಂದೂವರೆ ಎರಡು ಮಿಲಿಮೀಟರ್ ದಪ್ಪದ ಟೊಳ್ಳು ಪೈಪು ಬಳಸುತ್ತಾರೆ. ಮೇಲಿನ ತುದಿ ತೆರೆದಿದ್ದರೆ ಮಳೆ ನೀರು ಒಳಗಿಳಿದು ಬುಡದಲ್ಲಿ ನಿಂತು, ಹೊರಗೆ ಬಣ್ಣ ಹೊಸದರಂತೆ ಇದ್ದರೂ ಒಳಗಿನಿಂದ ತಿನ್ನುತ್ತದೆ. ತುದಿಗಳನ್ನು ವೆಲ್ಡ್ ಮಾಡಿ ಮುಚ್ಚಿಸಬೇಕು. ಆಗಲೇ ನೀರು ಇಳಿದಿರುವ ಸಂಶಯವಿದ್ದರೆ ಪೀಠದ ಮೇಲ್ಗಡೆ ಸಣ್ಣ ತೂತು ಕೊರೆದು ನೀರು ಹೋಗಲು ಬಿಡಬೇಕು.

೩. ಮೇಲ್ಮುಖವಾದ ಆಂಗಲ್. ಅಡ್ಡ ಪಟ್ಟಿಗಳನ್ನು ಬಾಯಿ ಮೇಲಾಗಿ ಕೂರಿಸಿದರೆ ಅದು ನೀರಿನ ದೋಣಿಯಾಗುತ್ತದೆ, ತರಗು ಕೂತು ಕೊಳೆಯುತ್ತದೆ. ಹೊಸ ಸ್ಟ್ಯಾಂಡು ಮಾಡಿಸುವಾಗಲೇ ವೆಲ್ಡಿಂಗ್ ಅಂಗಡಿಯವರಿಗೆ ಬಾಯಿ ಕೆಳಗೆ ಬರುವಂತೆ ಕೂರಿಸಲು ಹೇಳಬೇಕು.

೪. ವೆಲ್ಡಿಂಗ್ ಜಾಗ ಮತ್ತು ಚೂಪು ಅಂಚು. ವೆಲ್ಡಿಂಗ್ ಮೇಲಿನ ಕಿಟ್ಟವನ್ನು ಬಡಿದು ತೆಗೆಯದೆ ಬಣ್ಣ ಬಳಿದರೆ ಬಣ್ಣ ಕಿಟ್ಟದೊಡನೆ ಉದುರುತ್ತದೆ. ಚೂಪು ಅಂಚಿನಲ್ಲಿ ಬಣ್ಣ ನಿಲ್ಲದೆ ಹಿಂದೆ ಸರಿದು ತೆಳುವಾಗುತ್ತದೆ. ಅಂಚನ್ನು ಅರದಿಂದ ಉಜ್ಜಿ ಮೊಂಡು ಮಾಡಿ, ಅಂಚಿಗೂ ವೆಲ್ಡಿಗೂ ಮೊದಲು ಒಂದು ಕೈ ಬೇರೆಯಾಗಿ ಹಚ್ಚಬೇಕು.

೫. ತಗಡಿನ ಜೋಡಣೆ. ಬೋಲ್ಟಿನ ತೂತು ತಗಡಿನ ಉಬ್ಬಿನ ಮೇಲೆ ಇರಬೇಕು, ತಗ್ಗಿನಲ್ಲಿ ಅಲ್ಲ. ತೂತು ಕೊರೆದಾಗ ಬಿದ್ದ ಕಬ್ಬಿಣದ ಪುಡಿಯನ್ನು ಅಂದೇ ಗುಡಿಸಬೇಕು. ತಗಡನ್ನು ಕೊಂಡು ತಂದು ಒಂದರ ಮೇಲೊಂದು ಒತ್ತಾಗಿ ಒದ್ದೆಯಲ್ಲಿ ಇಟ್ಟರೆ ಹೊಸ ತಗಡೇ ಬಿಳಿ ಬೂದಿಯಾಗಿ ಸತು ಹೋಗುತ್ತದೆ. ನಡುವೆ ರೀಪು ಇಟ್ಟು, ಒಂದು ಕಡೆ ಎತ್ತರಿಸಿ, ಮಾಡಿನ ಕೆಳಗೆ ಇಡಬೇಕು.

೬. ಅರ್ತಿಂಗ್ ಜೋಡಣೆ. ಸ್ಟಾರ್ಟರ್ ಪೆಟ್ಟಿಗೆಯಿಂದ ನೆಲಕ್ಕೆ ಹೋಗುವ ತಂತಿಯ ಕ್ಲಾಂಪು ತುಕ್ಕು ಹಿಡಿದರೆ ಅರ್ತಿಂಗ್ ಇದ್ದೂ ಇಲ್ಲದಂತೆ. ಒದ್ದೆ ಕೈಯಲ್ಲಿ ಮುಟ್ಟುವ ಪೆಟ್ಟಿಗೆ ಅದು, ಮರೆಯಬಾರದು. ಇದನ್ನು ವಿದ್ಯುತ್ ಕೆಲಸ ಬಲ್ಲವರಿಂದಲೇ, ಮೇನ್ ತೆಗೆಸಿ ಮಾಡಿಸಬೇಕು.

ಸತುವಿನ ಲೇಪ: ಲೆಕ್ಕ ಕೇಳಿ ಕೊಳ್ಳಿ

ಸತುವಿನ ಲೇಪಕ್ಕೆ ಎರಡು ಗುಣ. ಒಂದು, ನೀರಿಗೆ ತಡೆ. ಇನ್ನೊಂದು, ಎಲ್ಲಿಯಾದರೂ ಗೀರು ಬಿದ್ದರೂ ಸತು ತಾನು ಮೊದಲು ಸವೆದು ಪಕ್ಕದ ಕಬ್ಬಿಣವನ್ನು ಉಳಿಸುತ್ತದೆ. ಆದರೆ ಅದು ಎಷ್ಟು ವರ್ಷ ಬಾಳುತ್ತದೆ ಎಂಬುದು ಲೇಪದ ದಪ್ಪಕ್ಕೆ ಸೇರಿದ ಮಾತು. ಜಿಐ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ತಗಡಿಗೆ ಭಾರತೀಯ ಮಾನಕ ಐಎಸ್ ೨೭೭. ಅದರಂತೆ ೧೨೦ ಎಂದರೆ ಚದರ ಮೀಟರಿಗೆ ಎರಡೂ ಮೈ ಸೇರಿ ೧೨೦ ಗ್ರಾಂ ಸತು. ೨೭೫ ಎಂದರೆ ೨೭೫ ಗ್ರಾಂ. ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ, ಮೊದಲನೆಯದು ಒಂದು ಮೈಗೆ ಸುಮಾರು ೮, ಎರಡನೆಯದು ಸುಮಾರು ೧೯. ಹಳ್ಳಿಗಾಡಿನ ಶುದ್ಧ ಗಾಳಿಯಲ್ಲಿ ಸತು ವರ್ಷಕ್ಕೆ ಒಂದು ಮೈಕ್ರಾನಿಗಿಂತ ಕಡಿಮೆ ಸವೆಯುತ್ತದೆ. ಹೊಗೆ ಇರುವ ಪಟ್ಟಣ, ಕೈಗಾರಿಕಾ ಪ್ರದೇಶಗಳಲ್ಲಿ ಒಂದರಿಂದ ಎರಡು ಮೈಕ್ರಾನ್ ಹೋಗಬಹುದು. ಕಾರ್ಖಾನೆಗಳ ಪಕ್ಕದ ತೋಟದವರು ಇದನ್ನು ನೋಡಿಕೊಂಡು ಲೆಕ್ಕ ಹಾಕಲಿ. ಐದು ಮಿಲಿಮೀಟರ್ ಮತ್ತು ಅದಕ್ಕೂ ದಪ್ಪದ ಆಂಗಲ್ಲನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದರೆ, ಐಎಸ್ ೪೭೫೯ರಂತೆ, ಪ್ರತಿ ಮೈಗೆ ಚದರ ಮೀಟರಿಗೆ ೬೧೦ ಗ್ರಾಂ, ಎಂದರೆ ಸುಮಾರು ೮೫ ಮೈಕ್ರಾನ್ ಕೂರಬೇಕು. ಸೋಲಾರ್ ಚೌಕಟ್ಟಿಗೆ, ಟ್ಯಾಂಕಿನ ಸ್ಟ್ಯಾಂಡಿಗೆ ಇದೇ ಉತ್ತಮ. ಅಂಗಡಿಯಲ್ಲಿ ಹೊಳೆಯುವ ಅಗ್ಗದ ಬೋಲ್ಟುಗಳ ಮೇಲಿರುವುದು ವಿದ್ಯುತ್ತಿನಿಂದ ಕೂರಿಸಿದ ತೆಳು ಸತು, ಕೆಲವೇ ಮೈಕ್ರಾನ್. ಒಳ್ಳೆಯ ಚೌಕಟ್ಟಿಗೆ ಇಂಥ ಬೋಲ್ಟು ಹಾಕಿದರೆ ಬೋಲ್ಟು ಮೊದಲು ಹೋಗುತ್ತದೆ.

ಜಿಐ ಮೇಲೆ ವೆಲ್ಡ್ ಮಾಡಿದರೆ ಆ ಜಾಗದ ಸತು ಸುಟ್ಟು ಹೋಗುತ್ತದೆ. ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ, ಗಾಳಿಯಾಡುವ ಕಡೆ ಮಾಡಿಸಬೇಕು. ಸುಟ್ಟ ಜಾಗಕ್ಕೆ ಹಚ್ಚಬೇಕಾದದ್ದು ಸತುವಿನ ಪುಡಿ ಹೆಚ್ಚಾಗಿರುವ ಬಣ್ಣ. ಅನೇಕ ಕಡೆ ಅದರ ಬದಲು ಬೆಳ್ಳಿ ಬಣ್ಣ ಬಳಿದು ಕಳುಹಿಸುತ್ತಾರೆ. ನೋಡಲು ಒಂದೇ, ಆದರೆ ಬೆಳ್ಳಿ ಬಣ್ಣದಲ್ಲಿರುವುದು ಅಲ್ಯೂಮಿನಿಯಂ ಪುಡಿ, ಅದು ಸತುವಿನ ಕೆಲಸ ಮಾಡದು. ಡಬ್ಬಿಯ ಮೇಲಿನ ಹೆಸರನ್ನು ಓದಿ ಕೊಳ್ಳಬೇಕು.

ಬಣ್ಣ ಹಚ್ಚುವ ಕ್ರಮ

ಮೊದಲು ಸೋಪಿನ ನೀರಿನಲ್ಲಿ ತೊಳೆದು ಎಣ್ಣೆ, ಗೊಬ್ಬರ, ಮೈಲುತುತ್ತದ ಕಲೆ ತೆಗೆಯಬೇಕು. ಇದನ್ನು ಬಿಟ್ಟು ತಂತಿ ಬ್ರಷ್ ಹಿಡಿದರೆ ಕೊಳೆಯನ್ನು ಉಜ್ಜಿ ಹರಡಿದಂತಾಗುತ್ತದೆ. ಒಣಗಿದ ಮೇಲೆ ಸುತ್ತಿಗೆಯಿಂದ ಬಡಿದು ಹಕ್ಕಳೆ ಉದುರಿಸಿ, ಕೆರೆದು, ತಂತಿ ಬ್ರಷ್, ಆಮೇಲೆ ಎಮರಿ ಕಾಗದದಿಂದ ಲೋಹ ಕಾಣುವವರೆಗೆ ಉಜ್ಜಬೇಕು. ಗಟ್ಟಿಯಾಗಿ ಅಂಟಿರುವ ಹಳೆಯ ಬಣ್ಣವನ್ನು ಪೂರ್ತಿ ತೆಗೆಯಬೇಕಿಲ್ಲ. ಅಂಚನ್ನು ನುಣುಪು ಮಾಡಿದರೆ ಸಾಕು. ಬಣ್ಣಗಳಲ್ಲಿ ಸೀಸದ ಅಂಶಕ್ಕೆ ಮಿತಿ ಹಾಕಿದ ಕೇಂದ್ರದ ನಿಯಮ ಬಂದದ್ದು ೨೦೧೬ರಲ್ಲಿ. ಅದಕ್ಕೂ ಹಿಂದಿನ ಬಣ್ಣ ಕೆರೆಯುವಾಗ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು, ಮಕ್ಕಳನ್ನೂ ದನಗಳನ್ನೂ ದೂರವಿಡಬೇಕು, ಉದುರಿದ ಪುಡಿಯನ್ನು ಒಟ್ಟುಮಾಡಿ ತೆಗೆಯಬೇಕು.

ಉಜ್ಜಿದ ಮೇಲೂ ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿನ್ ಇರುವ ತುಕ್ಕು ಪರಿವರ್ತಕ ದ್ರವ ಸಿಗುತ್ತದೆ. ಅಡಿಕೆ ಕತ್ತರಿಸಿದ ಕತ್ತಿ ಚೊಗರು ತಾಗಿ ಕಪ್ಪಾಗುವುದನ್ನು ನಾವೆಲ್ಲ ಬಲ್ಲೆವು. ಚೊಗರಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆ ಕಪ್ಪು ಆಗುತ್ತದೆ. ಈ ದ್ರವದ ಕೆಲಸವೂ ಅದೇ ಬಗೆಯದು. ಹಾಗೆಂದು ಅಡಿಕೆ ಬೇಯಿಸಿದ ಚೊಗರನ್ನೇ ಸ್ಟ್ಯಾಂಡಿಗೆ ಬಳಿಯುವುದು ಬೇಡ. ಅದರ ಹದ ಅಳೆದದ್ದಲ್ಲ.

ಶುಚಿಮಾಡಿದ ದಿನವೇ ಮೊದಲ ಕೈ ಪ್ರೈಮರ್ ಬೀಳಬೇಕು. ಒಂದು ರಾತ್ರಿ ಇಬ್ಬನಿಗೆ ಬಿಟ್ಟರೆ ಪಟ್ಟ ಶ್ರಮವೆಲ್ಲ ಹೋಯಿತು. ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಕೈ, ಅದು ಒಣಗಿದ ಮೇಲೆ ಎನಾಮೆಲ್ ಎರಡು ಕೈ. ಪ್ರೈಮರ್ ಮಾತ್ರ ಹಚ್ಚಿ ಮಳೆಗಾಲಕ್ಕೆ ಬಿಡಬಾರದು, ಅದು ನೀರನ್ನು ತಡೆಯಲು ಮಾಡಿದ ಪದರವಲ್ಲ. ಜಿಐ ಮೇಲೆ ಸಾಮಾನ್ಯ ಎನಾಮೆಲ್ ನೇರವಾಗಿ ಬಳಿದರೆ ಸಿಪ್ಪೆಯಂತೆ ಎದ್ದುಬರುತ್ತದೆ. ಜಿಐಗೆಂದೇ ಬರುವ ಎಚ್ ಪ್ರೈಮರ್ ಕೇಳಿ ತರಬೇಕು.

ಖರ್ಚಿನ ಅಂದಾಜು ಹೀಗೆ. ಐವತ್ತು ಮಿಲಿಮೀಟರ್ ಆಂಗಲ್ಲಿನ ಒಂದು ಮೀಟರಿಗೆ ಒಳ ಹೊರ ಸೇರಿ ೦.೨ ಚದರ ಮೀಟರ್ ಮೈ. ಹತ್ತಡಿಯ ನಾಲ್ಕು ಕಾಲು ೧೨ ಮೀಟರ್, ಅಡ್ಡಪಟ್ಟಿಗಳು ೨೦ ಮೀಟರ್ ಎಂದಿಟ್ಟರೆ ಒಟ್ಟು ೩೨ ಮೀಟರಿಗೆ ೬.೪ ಚದರ ಮೀಟರ್. ಒಂದು ಲೀಟರ್ ಬಣ್ಣ ಒಂದು ಕೈಗೆ ಸುಮಾರು ಹತ್ತು ಚದರ ಮೀಟರಿಗೆ ಬರುತ್ತದೆ. ಅಂದರೆ ಎರಡು ಕೈಗೆ ಪ್ರೈಮರ್ ಒಂದೂವರೆ ಲೀಟರ್, ಎನಾಮೆಲ್ ಒಂದೂವರೆ ಲೀಟರ್ ಸಾಕು. ಹೊಸ ಸ್ಟ್ಯಾಂಡಿನ ಬೆಲೆಯ ಮುಂದೆ ಇದನ್ನು ಇಟ್ಟು ತೂಗಿ ನೋಡಿ.

ಬಣ್ಣದಿಂದ ಉಳಿಯದ ಕಬ್ಬಿಣ

ಎಲ್ಲವನ್ನೂ ಬಣ್ಣದಿಂದ ಉಳಿಸಲಾಗದು. ಐದು ಮಿಲಿಮೀಟರ್ ದಪ್ಪದ ಕಾಲು ಬುಡದಲ್ಲಿ ಎರಡೂ ಮೈಗಳಿಂದ ವರ್ಷಕ್ಕೆ ೦.೧ ಮಿಲಿಮೀಟರಿನಂತೆ ಸವೆದರೆ ಹತ್ತು ವರ್ಷಕ್ಕೆ ಎರಡು ಮಿಲಿಮೀಟರ್ ಹೋಯಿತು, ಉಳಿದದ್ದು ಮೂರು. ಮೇಲಿನ ಭಾರ ಮಾತ್ರ ಅಷ್ಟೇ ಇದೆ. ಟ್ಯಾಂಕು ಖಾಲಿ ಮಾಡಿ, ಪೀಠದ ಸುತ್ತಲಿನ ಮಣ್ಣು ಸರಿಸಿ, ಹಕ್ಕಳೆ ಕೆರೆದು, ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಗಣಗಣ ಎನ್ನುತ್ತದೆ, ಸತ್ತದ್ದು ಮಂದವಾಗಿ ಸದ್ದು ಮಾಡುತ್ತದೆ. ಸ್ಕ್ರೂಡ್ರೈವರ್ ತುದಿ ಒಳಹೊಕ್ಕರೆ ಸಂದೇಹವೇ ಬೇಡ. ಕಾಲು ಭಾಗಕ್ಕಿಂತ ಹೆಚ್ಚು ದಪ್ಪ ಹೋಗಿರುವಂತೆ ಕಂಡರೆ ಆ ಭಾಗವನ್ನು ಕತ್ತರಿಸಿ ಹೊಸದನ್ನು ಕೂಡಿಸಬೇಕು. ಅಲ್ಲಿಯವರೆಗೆ ಟ್ಯಾಂಕಿಗೆ ನೀರು ಬಿಡಬಾರದು, ಯಾರೂ ಕೆಳಗೆ ಕೂರಬಾರದು.

ಇನ್ನೊಂದು ಮಾತು. ಬೇಲಿಗೆ, ಚಪ್ಪರಕ್ಕೆ ಕಲ್ಲುಕಂಬ ಸಾಕಾಗುವ ಕಡೆ ಕಬ್ಬಿಣ ಹಾಕಲೇಬೇಕೆಂಬ ಹಟ ಏಕೆ? ಕಲ್ಲಿಗೆ ತುಕ್ಕಿಲ್ಲ, ಬಣ್ಣದ ಖರ್ಚಿಲ್ಲ.

ವರ್ಷದ ಕೆಲಸ

ನವೆಂಬರ್ ಡಿಸೆಂಬರಿನಲ್ಲಿ ಮಳೆ ನಿಂತ ಮೇಲೆ ಎಲ್ಲವನ್ನೂ ತೊಳೆದು, ಮೇಲೆ ಹೇಳಿದ ಆರು ಜಾಗಗಳನ್ನು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಜನವರಿಯಿಂದ ಮಾರ್ಚ್‌ವರೆಗೆ ಬಣ್ಣದ ಕೆಲಸಕ್ಕೆ ಒಳ್ಳೆಯ ಕಾಲ. ಇಬ್ಬನಿ ಪೂರ್ತಿ ಆರಿದ ಮೇಲೆ ಶುರುಮಾಡಿ, ಸಂಜೆಗೆ ಮುಂಚೆಯೇ ಬಣ್ಣ ಆರುವಂತೆ ನಿಲ್ಲಿಸಬೇಕು. ಮೇ ತಿಂಗಳಲ್ಲಿ ಚಾವಣಿ ಮತ್ತು ದೋಣಿಗಳ ತರಗು ತೆಗೆದು, ಪೀಠದ ಇಳಿಜಾರು, ಅರ್ತಿಂಗ್ ಕ್ಲಾಂಪು ನೋಡಬೇಕು. ಮಳೆಗಾಲದಲ್ಲಿ ಪ್ರತಿ ಸಿಂಪಡಣೆಯ ನಂತರ ತೊಳೆಯಬೇಕು. ಸಣ್ಣ ಚುಕ್ಕೆ ಕಂಡಾಗಲೇ ಉಜ್ಜಿ ಹಚ್ಚಿದರೆ ಅರ್ಧ ಗಂಟೆಯ ಕೆಲಸ. ಬಿಟ್ಟರೆ ವೆಲ್ಡಿಂಗ್ ಅಂಗಡಿಯ ಕೆಲಸ.

ಜಿಂಕ್ ಫಾಸ್ಫೇಟ್ ಪ್ರೈಮರ್, ಸತುವಿನ ಬಣ್ಣ ಮತ್ತು ಅದ್ದಿ ಲೇಪಿಸಿದ ಬೋಲ್ಟುಗಳನ್ನು ಸದಸ್ಯರ ಪರವಾಗಿ ಒಟ್ಟಾಗಿ ತರಿಸುವ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ಇಡಲಿದ್ದೇವೆ. ಬೇಕಾದ ಸದಸ್ಯರು ತಮ್ಮ ಅಳತೆಯ ಲೆಕ್ಕವನ್ನು ಸಂಘದ ಕಚೇರಿಗೆ ಬರೆದು ಕೊಡಬೇಕು. ಅದಕ್ಕೂ ಮೊದಲು, ಈ ಪತ್ರಿಕೆ ಓದಿ ಮುಗಿಸಿದ ದಿನವೇ ಟ್ಯಾಂಕಿನ ಸ್ಟ್ಯಾಂಡಿನ ನಾಲ್ಕು ಬುಡಗಳ ಮಣ್ಣು ಸರಿಸಿ ನೋಡಬೇಕೆಂದು ಎಲ್ಲರಲ್ಲೂ ವಿನಂತಿ.

ಕಾರ್ಯದರ್ಶಿ